ಬ್ಯಾಟರಿಗೆ ಜ್ವರ, ನಮಗೆ ಬರೆ

ಇದನ್ನು ನೀವು ಓದುತ್ತಿರಬಹುದು, ಇಲ್ಲಾ ಕಿವಿಗೆ ಹಾಕಿಕೊಂಡು ಕೇಳುತ್ತಿರಬಹುದು. ಕೇಳುತ್ತಿದ್ದರೆ ಒಂದು ಕ್ಷಣ ಹೀಗೆ ಊಹಿಸಿಕೊಳ್ಳಿ. ನಿಮ್ಮ ಕಿವಿಯಲ್ಲಿರುವ ದನಿ ಕಥೆ ಹೇಳುತ್ತಿಲ್ಲ, ಕೆಲಸ ಹೇಳುತ್ತಿದೆ. ಯಾವ ಸಾಲು, ಯಾವ ಗೂಡು ಅಂತ ಹೇಳುತ್ತದೆ. ನೀವು ಅಲ್ಲಿಗೆ ಹೋಗಿ ಅಲ್ಲಿ ಅಂಟಿಸಿರುವ ಎರಡಂಕಿಯನ್ನು ಓದಿ ಹೇಳಬೇಕು. ಅದು ಸರಿಯಿದ್ದರೆ ಎಷ್ಟು ಪೆಟ್ಟಿಗೆ ಎತ್ತಬೇಕು ಅಂತ ಹೇಳುತ್ತದೆ. ಎತ್ತಿ, ಗಾಲಿಯ ಕೇಜಿನಲ್ಲಿಟ್ಟು, "ತ್ರೀ" ಅನ್ನಬೇಕು. ತಕ್ಷಣ ಮುಂದಿನ ಜಾಗ. ಹೀಗೆ ರಾತ್ರಿ 10ರಿಂದ ಬೆಳಗಿನ 6ರವರೆಗೆ, ಮಧ್ಯೆ ಅರ್ಧ ಗಂಟೆ ಊಟಕ್ಕೆ ಬಿಟ್ಟು.

ಎಂಎಸ್‌ಸಿ ಓದಲು ಇಂಗ್ಲೆಂಡಿಗೆ ಬಂದ ಮೊದಲ ವರ್ಷ ನಾನು ಮಾಡಿದ ಕೆಲಸ ಇದು. ಲೆಸ್ಟರ್‌ನಿಂದ ಬಸ್ಸಿನಲ್ಲಿ ಹೋಗಬಹುದಾದ ದೂರದಲ್ಲಿ, ಎಂ1 ಹೆದ್ದಾರಿಯ ಪಕ್ಕ, ಸೂಪರ್‌ಮಾರ್ಕೆಟ್‌ಗಳಿಗೆ ಸಾಮಾನು ಕಳಿಸುವ ಒಂದು ದೊಡ್ಡ ಗೋದಾಮು. ಸೊಂಟದ ಬೆಲ್ಟಿಗೆ ಒಂದು ಪುಟ್ಟ ಯಂತ್ರ, ತಲೆಗೆ ಮೈಕ್ ಇರುವ ಹೆಡ್‌ಸೆಟ್. ಯಂತ್ರದ ಬೆನ್ನಿಗೆ ಅಂಗೈಯಷ್ಟು ದೊಡ್ಡದೂ ಇಲ್ಲದ ಒಂದು ಬ್ಯಾಟರಿ. ಈ ಬರಹ ಆ ಬ್ಯಾಟರಿಯ ಬಗ್ಗೆ.

ನಮ್ಮಲ್ಲಿ ಒಂದು ಗಾದೆ ಇದೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಒಂದು ಮಾತು: ಬರೆ ಅಂದರೆ ಕಾದ ಕಬ್ಬಿಣದಿಂದ ಸುಡುವುದು, ಹಿಂದೆ ಹಳ್ಳಿಗಳಲ್ಲಿ ದನಕ್ಕೆ ಕಾಯಿಲೆ ಬಂದರೆ ಹಾಕುತ್ತಿದ್ದ ಸುಡುವ ಚಿಕಿತ್ಸೆ. ಕಾಯಿಲೆ ಒಂದಕ್ಕೆ, ಸುಟ್ಟಿದ್ದು ಇನ್ನೊಂದನ್ನು. ಗೋದಾಮಿನಲ್ಲಿ ನಡೆಯುವುದು ಇದೇ. ಬ್ಯಾಟರಿ ಸಾಯುತ್ತದೆ. ನಿಧಾನದ ಕೆಲಸಗಾರ ಅನ್ನುವ ಹೆಸರು ನಮಗೆ ಬರುತ್ತದೆ. ಇದು ತಪ್ಪು, ಇದನ್ನು ನಾವು ಒಪ್ಪಿಕೊಳ್ಳಬಾರದು. ಅಷ್ಟೇ ನಾನು ಹೇಳಬೇಕಾಗಿರುವುದು. ಆದರೆ ಬರೀ ಸಿಟ್ಟಿನಿಂದ ಹೇಳಿದರೆ ಯಾರೂ ಕೇಳಲ್ಲ. ಹಾಗಾಗಿ ಯಂತ್ರ ಹೇಗೆ ನಡೆಯುತ್ತದೆ ಅನ್ನುವುದರಿಂದಲೇ ಶುರು ಮಾಡ್ತೀನಿ.

ಯಂತ್ರ ಕೆಟ್ಟದ್ದಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ಯಂತ್ರದ ವಿರೋಧಿ ಅಲ್ಲ. ದನಿಯಿಂದ ನಡೆಯುವ ಈ ಪದ್ಧತಿ ಹೊಸದೂ ಅಲ್ಲ. ಇದರಲ್ಲಿ ದೊಡ್ಡ ಹೆಸರು ಮಾಡಿದ ವೊಕೊಲೆಕ್ಟ್ ಕಂಪನಿ 1987ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಶುರುವಾಯಿತು. 2011ರಲ್ಲಿ ಅದನ್ನು ಇಂಟರ್ಮೆಕ್ ಕೊಂಡಿತು, 2013ರಲ್ಲಿ ಇಂಟರ್ಮೆಕ್ಕನ್ನು ಹನಿವೆಲ್ ಕೊಂಡಿತು. ಈಗ ಬೇರೆ ಬೇರೆ ಕಂಪನಿಗಳ ಯಂತ್ರಗಳಿವೆ. ನನ್ನ ಸೊಂಟದಲ್ಲಿ ಇದ್ದದ್ದು ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ನನ್ನ ತಕರಾರು ಯಂತ್ರದ ಮೇಲಲ್ಲ, ಅದನ್ನು ನೋಡಿಕೊಳ್ಳುವ ರೀತಿಯ ಮೇಲೆ.

ಒಂದು ಕೈಯಲ್ಲಿ ಕಾಗದದ ಪಟ್ಟಿ, ಇನ್ನೊಂದರಲ್ಲಿ ಪೆನ್ನು ಹಿಡಿದು ಪೆಟ್ಟಿಗೆ ಎತ್ತುವುದಕ್ಕಿಂತ ಇದು ಸಾವಿರ ಪಾಲು ಮೇಲು. ಎರಡೂ ಕೈ ಖಾಲಿ, ಕಣ್ಣು ದಾರಿಯ ಮೇಲೆ. ಫೋರ್ಕ್‌ಲಿಫ್ಟ್‌ಗಳು ಓಡಾಡುವ ಜಾಗದಲ್ಲಿ ಕಣ್ಣು ದಾರಿಯ ಮೇಲಿರುವುದು ಸಣ್ಣ ವಿಷಯವಲ್ಲ. ಫ್ರೀಜರಿನಲ್ಲಿ ದಪ್ಪ ಗ್ಲೌಸ್ ಹಾಕಿಕೊಂಡು ಬಟನ್ ಒತ್ತುವ ಕಷ್ಟವೂ ಇಲ್ಲ. ಚೆನ್ನಾಗಿ ನೋಡಿಕೊಂಡರೆ ಇದು ಒಳ್ಳೆಯ ಸಲಕರಣೆ. "ಚೆನ್ನಾಗಿ ನೋಡಿಕೊಂಡರೆ" ಅನ್ನುವುದರಲ್ಲೇ ಜಗಳ ಇರುವುದು.

ನಿಮ್ಮ ನಾಲಿಗೆಯ ಇಂಗ್ಲಿಷೇ ಸಾಕು

ಬ್ಯಾಟರಿಗೆ ಹೋಗುವ ಮುಂಚೆ ದನಿಯ ವಿಷಯ. ಏಕೆಂದರೆ ನಮ್ಮ ಹುಡುಗರು ಮೊದಲು ಎಡವುವುದು ಇಲ್ಲೇ.

ನಾನು ಬಳಸಿದಂಥ ಯಂತ್ರಕ್ಕೆ ಮೊದಲ ದಿನ ನಿಮ್ಮ ದನಿಯನ್ನು ಕಲಿಸಬೇಕು. ಸೊನ್ನೆಯಿಂದ ಒಂಬತ್ತು, ರೆಡಿ, ಯೆಸ್, ನೋ ಹೀಗೆ ಒಂದು ಪಟ್ಟಿ ಇರುತ್ತದೆ. ಪ್ರತಿ ಪದವನ್ನೂ ಹಲವು ಸಲ ಹೇಳಬೇಕು. ಯಂತ್ರ ಅದನ್ನು ನಿಮ್ಮ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ನೀವು ಹೇಳಿದ್ದನ್ನು ಅದರ ಜೊತೆ ಹೋಲಿಸಿ ನೋಡುತ್ತದೆ, ಅಷ್ಟೇ. ಯಾರ ದನಿಯಾದರೂ ಕಲಿಸದೆಯೇ ಹಿಡಿಯುವ ಹೊಸ ವ್ಯವಸ್ಥೆಗಳೂ ಈಗ ಇವೆ, ಆದರೆ ಹಳೆಯವು ಇನ್ನೂ ಬೇಕಾದಷ್ಟು ಕಡೆ ಓಡುತ್ತಿವೆ.

ನಾನೇನು ಮಾಡಿದೆ ಗೊತ್ತಾ? ಬಿಬಿಸಿ ವಾರ್ತೆ ಓದುವವರ ಹಾಗೆ ನಾಲಿಗೆ ತಿರುಗಿಸಿ "ಥ್ರೀ", "ಏಯ್ಟ್" ಅಂತ ಕಲಿಸಿದೆ. ಒಂದು ಗಂಟೆ ಎಲ್ಲ ಚೆನ್ನಾಗಿತ್ತು. ಬೆಳಗಿನ ಜಾವದ ಹೊತ್ತಿಗೆ ಸುಸ್ತಾಯಿತು, ನಾಲಿಗೆ ಊರಿಗೆ ವಾಪಸ್ ಹೋಯಿತು, "ತ್ರೀ", "ಯೇಟ್" ಅಂತ ಬರತೊಡಗಿತು. ಯಂತ್ರಕ್ಕೆ ಅರ್ಥವಾಗಲಿಲ್ಲ. ಮತ್ತೆ ಹೇಳು, ಮತ್ತೆ ಹೇಳು. ಪ್ರತಿ ಸಲ ಎರಡು ಮೂರು ಸೆಕೆಂಡು ಹೋಯಿತು. ಟೀಮ್ ಲೀಡರ್ ನನ್ನ ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು ಅಂದರು.

ದಾವಣಗೆರೆ ಕಡೆಯ ಒಬ್ಬ ಅಣ್ಣ ಅಲ್ಲಿ ರೀಚ್ ಟ್ರಕ್ ಓಡಿಸುತ್ತಿದ್ದ. ಕ್ಯಾಂಟೀನಿನಲ್ಲಿ ನನ್ನ ಮುಖ ನೋಡಿ ಕೇಳಿದ, ನಾನು ಹೇಳಿದೆ. ನಕ್ಕ. "ಲೇ ತಮ್ಮಾ, ಇಂಗ್ಲಿಷಿನವರ ಥರ ಕಲಿಸಬ್ಯಾಡ. ಬೆಳಗಿನ ಮೂರಕ್ಕೆ ನಿನ್ನ ಬಾಯಿಗೆ ಯಾವುದು ಬರ್ತತೋ ಅದನ್ನೇ ಕಲಿಸು" ಅಂದ. ಮಾರನೇ ದಿನ ಮತ್ತೆ ಕಲಿಸಿದೆ. ಆ ತೊಂದರೆ ಅಲ್ಲಿಗೆ ಮುಗಿಯಿತು.

ಇದರಲ್ಲಿ ಒಂದು ಪಾಠ ಇದೆ. ಅಂಥ ಯಂತ್ರಕ್ಕೆ ಒಳ್ಳೆಯ ಇಂಗ್ಲಿಷ್, ಕೆಟ್ಟ ಇಂಗ್ಲಿಷ್ ಅನ್ನುವ ಭೇದ ಇಲ್ಲ. ಮೊದಲ ದಿನ ಕೇಳಿದ ದನಿ ಇದೇ ಹೌದೋ ಅಲ್ಲವೋ ಅನ್ನುವುದಷ್ಟೇ ಅದರ ಪ್ರಶ್ನೆ. ನಾಚಿಕೆ ಪಟ್ಟುಕೊಳ್ಳುವವರು ನಾವು, ನಾಚಿಕೆ ಪಡಿಸುವವರು ಮೇಲಿನವರು. ನೆಗಡಿಯಾಗಿ ದನಿ ಬದಲಾಗಿದ್ದರೆ, ಯಾವುದೋ ಒಂದು ಪದ ಮತ್ತೆ ಮತ್ತೆ ಕೈಕೊಡುತ್ತಿದ್ದರೆ, ಆ ಪದವನ್ನು ಮತ್ತೆ ಕಲಿಸಿಕೊಡಿ ಅಂತ ಕೇಳಿ. ಮೈಕನ್ನು ತುಟಿಯಿಂದ ಒಂದು ಬೆರಳಿನ ಅಗಲದಷ್ಟು ದೂರದಲ್ಲಿಡಿ. ಅದರ ಮೇಲಿನ ಸ್ಪಂಜು ಒದ್ದೆಯಾಗಿ ಗಟ್ಟಿಯಾಗಿದ್ದರೆ ಹೊಸದು ಕೇಳಿ, ಇನ್ನೊಬ್ಬರು ಬಳಸಿದ್ದನ್ನು ಹಾಕಿಕೊಳ್ಳಬೇಡಿ. ಶುರುವಿನಲ್ಲಿ ಯಂತ್ರ ಸುತ್ತಲಿನ ಗದ್ದಲವನ್ನು ಅಳೆದುಕೊಳ್ಳುವಾಗ ಬಾಯಿ ಮುಚ್ಚಿಕೊಂಡಿರಿ. ಆಗ ಮಾತಾಡಿದರೆ ಅದು ನಿಮ್ಮ ದನಿಯನ್ನೂ ಗದ್ದಲದ ಲೆಕ್ಕಕ್ಕೆ ಹಾಕಿಬಿಡುತ್ತದೆ.

ಬ್ಯಾಟರಿ ಹೇಗೆ ಸಾಯುತ್ತದೆ

ಈಗ ಬ್ಯಾಟರಿ. ಇದು ನಿಮ್ಮ ಫೋನಿನಲ್ಲಿರುವ ಜಾತಿಯದ್ದೇ, ಲಿಥಿಯಂ ಅಯಾನ್. 1991ರಲ್ಲಿ ಸೋನಿ ಮೊದಲು ಮಾರುಕಟ್ಟೆಗೆ ತಂದ, 2019ರಲ್ಲಿ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟ ಅದೇ ವಿದ್ಯೆ. ಇದಕ್ಕೂ ಆಯಸ್ಸು ಇದೆ. ಚಾರ್ಜ್ ಆಗಿ ಖಾಲಿಯಾಗುವ ಪ್ರತಿ ಸುತ್ತಿನಲ್ಲೂ ಒಳಗಿನ ಲಿಥಿಯಂ ಸ್ವಲ್ಪ ಸ್ವಲ್ಪ ಕೆಲಸಕ್ಕೆ ಬಾರದಂತಾಗುತ್ತದೆ. ಇಂಥ ಬ್ಯಾಟರಿ ಸುಮಾರು 500 ಪೂರ್ತಿ ಸುತ್ತಿನ ಹೊತ್ತಿಗೆ ಶೇಕಡಾ 80ರ ಆಸುಪಾಸಿಗೆ ಇಳಿಯುತ್ತದೆ ಅನ್ನುವುದು ಸಾಮಾನ್ಯ ಅಂದಾಜು. ಹಗಲು ಒಬ್ಬರು, ರಾತ್ರಿ ಒಬ್ಬರು ಬಳಸುವ ಕಡೆ ಒಂದು ಬ್ಯಾಟರಿಗೆ ದಿನಕ್ಕೆ ಎರಡು ಸುತ್ತು. ಅಂದರೆ 500 ಸುತ್ತು ಮುಗಿಯಲು 250 ದಿನ ಸಾಕು. ನಿಮ್ಮ ಫೋನ್ ಎರಡು ವರ್ಷದಲ್ಲಿ ಮುದಿಯಾದರೆ ಗೋದಾಮಿನ ಬ್ಯಾಟರಿ ಒಂದು ವರ್ಷದೊಳಗೇ ಮುದಿ.

ಲೆಕ್ಕ ಹಾಕಿ. ಹೊಸದಿದ್ದಾಗ 10 ಗಂಟೆ ಬರುತ್ತಿದ್ದ ಬ್ಯಾಟರಿ ಶೇಕಡಾ 70ಕ್ಕೆ ಇಳಿದರೆ 7 ಗಂಟೆ. ಶಿಫ್ಟಿನ ಕೆಲಸ ಏಳೂವರೆ ಗಂಟೆ. ಪೂರ್ತಿ ಚಾರ್ಜ್ ಆಗಿದ್ದರೂ ಅದು ದಡ ಮುಟ್ಟಲ್ಲ.

ಇದರ ಮೇಲೆ ಚಳಿ. ಫ್ರೀಜರಿನ ಮೈನಸ್ 20 ಡಿಗ್ರಿಯಲ್ಲಿ ಬ್ಯಾಟರಿಯೊಳಗಿನ ಅಯಾನುಗಳ ಓಡಾಟ ನಿಧಾನವಾಗುತ್ತದೆ, ಒಳಗಿನ ತಡೆ ಹೆಚ್ಚುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಯಂತ್ರ ಚಾರ್ಜ್ ಮುಗಿಯಿತು ಅಂತಲೇ ತಿಳಿಯುತ್ತದೆ. ಹೊರಗೆ ತಂದು ಬೆಚ್ಚಗಾದ ಮೇಲೆ ಅದೇ ಬ್ಯಾಟರಿಗೆ ಸ್ವಲ್ಪ ಜೀವ ಬರುವುದೂ ಉಂಟು. ಎತ್ತರದ ಕಬ್ಬಿಣದ ರ್‍ಯಾಕುಗಳ ನಡುವೆ ವೈಫೈ ಸಿಗದ ಮೂಲೆಗಳಲ್ಲಿ ಯಂತ್ರ ಸಿಗ್ನಲ್ ಹುಡುಕುತ್ತಾ ಇನ್ನಷ್ಟು ಚಾರ್ಜ್ ತಿನ್ನುತ್ತದೆ. ಇದರಲ್ಲಿ ಯಾವುದಾದರೂ ಒಂದು ಕೆಲಸಗಾರನ ಕೈಯಲ್ಲಿದೆಯಾ?

ನಿಮ್ಮ ಕೈಯಲ್ಲಿ ಇರುವುದೂ ಸ್ವಲ್ಪ ಇದೆ. ಅದನ್ನೂ ಹೇಳಿಬಿಡುತ್ತೇನೆ, ನ್ಯಾಯ ಕೇಳುವವರು ತಮ್ಮ ಪಾಲಿನ ಕೆಲಸ ಮಾಡಿರಬೇಕು.

ಬ್ಯಾಟರಿ ಬದಲಿಸುವ ಮುಂಚೆ ಯಂತ್ರವನ್ನು ಮಲಗಿಸಿ. ಹಾಗೇ ಕಿತ್ತರೆ ಅದು ಮೊದಲಿಂದ ಏಳಬೇಕು, ಮತ್ತೆ ಲಾಗಿನ್ ಆಗಬೇಕು, ಮತ್ತೆ ನಿಮ್ಮ ದನಿ ತರಿಸಿಕೊಳ್ಳಬೇಕು. ಅಷ್ಟರಲ್ಲಿ ನಿಮಿಷಗಳು ಹೋಗಿರುತ್ತವೆ. ಬ್ಯಾಟರಿಯ ಲೋಹದ ತುದಿಗಳು ಕೊಳೆಯಾಗಿದ್ದರೆ ಚಾರ್ಜರಿನಲ್ಲಿಟ್ಟರೂ ಚಾರ್ಜ್ ಆಗಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಕೀಲಿಯಿಂದ ಕೆರೆಯಬೇಡಿ. ಫ್ರೀಜರಿನಿಂದ ತಂದ ಬ್ಯಾಟರಿಯನ್ನು ತಕ್ಷಣ ಚಾರ್ಜಿಗೆ ಹಾಕಬೇಡಿ. ಸೊನ್ನೆ ಡಿಗ್ರಿಗಿಂತ ತಣ್ಣಗಿರುವಾಗ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಳ್ಳುತ್ತದೆ, ಆ ಹಾನಿ ಮತ್ತೆ ಸರಿಯಾಗಲ್ಲ. ಹೊಟ್ಟೆ ಉಬ್ಬಿದ ಬ್ಯಾಟರಿ ಕಂಡರೆ ಬಳಸಬೇಡಿ, ಒತ್ತಬೇಡಿ, ಕಸದ ಬುಟ್ಟಿಗೆ ಹಾಕಬೇಡಿ. ಮೇಲಿನವರ ಕೈಗೆ ಕೊಟ್ಟು ಬರೆಸಿ. ಅದು ಬೆಂಕಿಯ ವಿಷಯ.

ನಮ್ಮ ಟೀಮ್ ಲೀಡರ್ ಇನ್ನೊಂದು ಉಪದೇಶ ಕೊಡುತ್ತಿದ್ದರು: ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಿ, ಆಗ ಬಾಳಿಕೆ ಬರುತ್ತದೆ. ಅದು ಹಳೆಯ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಲಿಥಿಯಂ ಅಯಾನಿಗೆ ಅದರಿಂದ ಲಾಭ ಇಲ್ಲ, ಪ್ರತಿ ಸಲ ತಳ ಕಾಣಿಸಿದರೆ ನಷ್ಟವೇ. ಅಂದರೆ ನೋಡಿ, ಬ್ಯಾಟರಿಯನ್ನು ನೋಡಿಕೊಳ್ಳುವುದು ಹೇಗೆ ಅಂತ ತಿಳಿಯದವರೇ ನೀನು ಸರಿಯಾಗಿ ನೋಡಿಕೊಂಡಿಲ್ಲ ಅಂತ ನಮ್ಮನ್ನು ಬೈಯುತ್ತಿದ್ದರು.

ಇಪ್ಪತ್ತು ನಿಮಿಷದ ಬೆಲೆ

ಒಂದು ರಾತ್ರಿ ಎರಡು ಸಲ ಬ್ಯಾಟರಿ ಸತ್ತಿತು ಅಂದುಕೊಳ್ಳಿ. ಗೋದಾಮಿನ ಆ ತುದಿಯಿಂದ ಚಾರ್ಜರ್ ಕೋಣೆಗೆ ನಡೆದು, ಒಳ್ಳೆಯದು ಹುಡುಕಿ, ಹಾಕಿ, ವಾಪಸ್ ಬರಲು ಹತ್ತು ನಿಮಿಷ. ಎರಡು ಸಲಕ್ಕೆ ಇಪ್ಪತ್ತು. 450 ನಿಮಿಷದ ಕೆಲಸದಲ್ಲಿ 430 ನಿಮಿಷ ಉಳಿಯಿತು. ನೀವು ಒಂದು ಕ್ಷಣವೂ ನಿಲ್ಲದೆ ನೂರಕ್ಕೆ ನೂರು ವೇಗದಲ್ಲಿ ದುಡಿದರೂ ಹಾಳೆಯಲ್ಲಿ ಬರುವುದು 95.6. ನಮ್ಮಲ್ಲಿ 97ಕ್ಕಿಂತ ಕೆಳಗೆ ಬಂದರೆ ಕರೆದು ಮಾತಾಡುತ್ತಿದ್ದರು. ಮೂರು ಸಲ ಹಾಗಾದರೆ ಏಜೆನ್ಸಿಯವರಿಗೆ ಹೇಳುತ್ತಿದ್ದರು. ಏಜೆನ್ಸಿಯವರು ಫೋನಿಗೆ ಒಂದು ಮೆಸೇಜ್ ಕಳಿಸುತ್ತಿದ್ದರು: ನಾಳೆಯಿಂದ ನಿಮಗೆ ಶಿಫ್ಟ್ ಇಲ್ಲ.

ಹಾಗಾಗಿ ಎಲ್ಲರೂ ಏನು ಮಾಡುತ್ತಿದ್ದರು? ಶಿಫ್ಟಿಗೆ ಕಾಲು ಗಂಟೆ ಮುಂಚೆ ಬರುತ್ತಿದ್ದರು, ಒಳ್ಳೆಯ ಬ್ಯಾಟರಿ ಹಿಡಿಯಲು. ಸಂಜೆಯ ಶಿಫ್ಟಿನವರು ಆಗತಾನೇ ಚಾರ್ಜಿಗೆ ಹಾಕಿದ ಬಿಸಿ ಬ್ಯಾಟರಿ ಸಿಕ್ಕರೆ ಆ ರಾತ್ರಿ ಹೋಯಿತು ಅಂತಲೇ ಅರ್ಥ. ವಾರಕ್ಕೆ ಮೂರು ಶಿಫ್ಟ್ ಅಂದರೆ 45 ನಿಮಿಷ ಪುಕ್ಕಟೆ. ಕೆಲವರು ಒಳ್ಳೆಯ ಬ್ಯಾಟರಿಯನ್ನು ಲಾಕರಿನಲ್ಲಿ ಬಚ್ಚಿಡುತ್ತಿದ್ದರು. ನಾನೂ ಒಂದು ಸಲ ಬಚ್ಚಿಟ್ಟಿದ್ದೇನೆ. ಅದರಿಂದ ಆ ರಾತ್ರಿ ಇನ್ಯಾರಿಗೋ ಕೆಟ್ಟದ್ದು ಸಿಕ್ಕಿರುತ್ತದೆ. ಮೇಲಿನವರು ಇದನ್ನೇ ತೋರಿಸಿ, ನೋಡಿ ಇವರು ಕಳ್ಳರು ಅನ್ನುತ್ತಾರೆ. ಎಲ್ಲರಿಗೂ ಸಾಕಾಗುವಷ್ಟು ಬ್ಯಾಟರಿ ಇದ್ದಿದ್ದರೆ ಯಾರು ಬಚ್ಚಿಡುತ್ತಿದ್ದರು ಸ್ವಾಮಿ?

ಹಾಸನದ ಕಡೆಯ ಒಬ್ಬ ಗೆಳೆಯ ನನ್ನ ಜೊತೆ ಸೇರಿದ್ದ. ನನಗಿಂತ ಗಟ್ಟಿಗ, ಊರಲ್ಲಿ ತೋಟದ ಕೆಲಸ ಮಾಡಿ ಬೆಳೆದವನು. ಅವನು ಫ್ರೀಜರಿನಲ್ಲಿದ್ದ. ಅವನ ಅಂಕಿ ಮೂರು ವಾರ ಇಳಿಯುತ್ತಲೇ ಹೋಯಿತು. ನಾವಿಬ್ಬರೂ, ಜೊತೆಗೆ ಕೇರಳದ ಇನ್ನೊಬ್ಬರು, ಒಂದು ನೋಟ್‌ಬುಕ್ ಶುರು ಮಾಡಿದೆವು. ಪ್ರತಿ ಬ್ಯಾಟರಿಯ ಮೇಲೂ ಒಂದು ನಂಬರಿನ ಸ್ಟಿಕ್ಕರ್ ಇತ್ತು. ಯಾರು, ಯಾವ ನಂಬರ್, ಎಷ್ಟು ಗಂಟೆಗೆ ಹಾಕಿದ್ದು, ಎಷ್ಟಕ್ಕೆ ಸತ್ತಿತು. ಅಷ್ಟೇ ಬರೆಯುತ್ತಿದ್ದೆವು. ಎರಡು ವಾರದಲ್ಲಿ ಗೊತ್ತಾಯಿತು: ನಾಲ್ಕು ನಂಬರುಗಳು ಯಾರ ಸೊಂಟದಲ್ಲಿದ್ದರೂ ಬೆಳಗಿನ 4ಕ್ಕೆ ಮುಂಚೆ ಸಾಯುತ್ತಿದ್ದವು.

ಟೀಮ್ ಲೀಡರ್‌ಗೆ ತೋರಿಸಿದಾಗ, ಬ್ಯಾಟರಿ ನೋಡಿಕೊಳ್ಳುವುದು ನಿನ್ನ ಜವಾಬ್ದಾರಿ ಅಂದರು. ಯೂನಿಯನ್ ಪ್ರತಿನಿಧಿಗೆ ತೋರಿಸಿದೆವು, ಪೋಲೆಂಡಿನ ಒಬ್ಬ ಹೆಂಗಸು. ಅವರು ನೋಟ್‌ಬುಕ್ಕಿನ ಫೋಟೋ ತೆಗೆದುಕೊಂಡು ಮೀಟಿಂಗಿಗೆ ಹೋದರು. ಒಂದು ತಿಂಗಳಲ್ಲಿ ಆ ನಾಲ್ಕೂ ಬ್ಯಾಟರಿ ಮಾಯವಾದವು, ಹೊಸವು ಬಂದವು. ಯಂತ್ರ ಕೈಕೊಟ್ಟ ಸಮಯವನ್ನು ನಮ್ಮ ಲೆಕ್ಕದಿಂದ ಕಳೆಯಲು ಒಂದು ಕೋಡ್ ಕೂಡ ಬಂತು. ಆದರೆ ಅಷ್ಟರಲ್ಲಿ ಹಾಸನದ ಗೆಳೆಯನಿಗೆ ಆ ಮೆಸೇಜ್ ಬಂದು ಎರಡು ವಾರ ಆಗಿತ್ತು. ಅವನನ್ನು ಯಾರೂ ವಾಪಸ್ ಕರೆಯಲಿಲ್ಲ. ಆ ತಿಂಗಳ ಬಾಡಿಗೆಗೆ ಅವನು ಊರಿಂದ ದುಡ್ಡು ತರಿಸಿಕೊಂಡ.

"ಎರಡು ವರ್ಷ ತಾನೇ, ಸುಮ್ಮನಿರು"

ಈ ಕಥೆ ಹೇಳಿದಾಗಲೆಲ್ಲ ನಮ್ಮವರೇ ಒಂದು ಮಾತು ಹೇಳುತ್ತಾರೆ. ಎರಡು ವರ್ಷ ತಾನೇ, ಬಾಯಿ ಮುಚ್ಚಿಕೊಂಡು ಮಾಡು, ಆಮೇಲೆ ಒಳ್ಳೆಯ ಕೆಲಸ ಸಿಗುತ್ತೆ. ನಾವೂ ಹೀಗೇ ಬಂದವರು. ಕನ್ನಡ ಸಂಘದ ಊಟದಲ್ಲಿ ಪಂಕ್ತಿಯಲ್ಲಿ ಕೂತು ಇದನ್ನು ಎಷ್ಟು ಸಲ ಕೇಳಿದ್ದೇನೋ.

ಹಿರಿಯರೇ, ಪ್ರೀತಿಯಿಂದಲೇ ಹೇಳ್ತೀನಿ, ಈ ಮಾತು ತಪ್ಪು. ನೀವು ಹೊರಟು ಹೋದ ಮೇಲೆ ಆ ಬ್ಯಾಟರಿ ಹೋಗುವುದಿಲ್ಲ. ಅದು ಅಲ್ಲೇ ಚಾರ್ಜರಿನಲ್ಲಿ ಕೂತಿರುತ್ತದೆ, ಮುಂದೆ ಬರುವ ಹುಡುಗಿಯ ಸೊಂಟಕ್ಕೆ. ಎಲ್ಲರೂ ಎರಡು ವರ್ಷ ಸುಮ್ಮನಿದ್ದದ್ದಕ್ಕೇ ಅದು ಅಲ್ಲಿದೆ.

ಸುಮ್ಮನಿರಬೇಕಾದ ಕಾರಣವೂ ಇಲ್ಲ. ಬ್ರಿಟನ್ನಿನಲ್ಲಿ ಕೆಲಸದ ಸಲಕರಣೆಗಳ ಬಗ್ಗೆ 1998ರ ನಿಯಮಗಳಿವೆ. ಸಲಕರಣೆಯನ್ನು ಸುಸ್ಥಿತಿಯಲ್ಲಿ ಇಡುವ ಹೊಣೆ ಅದರಲ್ಲಿ ಮಾಲೀಕರದ್ದು, ಅದನ್ನು ಬಳಸಲು ಸರಿಯಾಗಿ ಕಲಿಸುವ ಹೊಣೆಯೂ ಅವರದ್ದೇ. ಬೇಗ ಬಂದು ಯಂತ್ರ ತೆಗೆದುಕೊಳ್ಳಲೇಬೇಕು ಅಂತ ಅವರು ಹೇಳಿದರೆ ಆ ಹೊತ್ತೂ ಕೆಲಸದ ಹೊತ್ತೇ. ವಿದ್ಯಾರ್ಥಿ ವೀಸಾದಲ್ಲಿರುವ ನಮಗೆ ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆಯ ಮಿತಿ ಇರುವಾಗ ಪುಕ್ಕಟೆಯ ಕಾಲು ಗಂಟೆ ಬರೀ ಸಂಬಳದ ಪ್ರಶ್ನೆಯೂ ಅಲ್ಲ. ಜರ್ಮನಿಯಲ್ಲಿರುವವರಿಗೆ: ಕೆಲಸಗಾರರ ನಡತೆ, ವೇಗಗಳನ್ನು ಅಳೆಯುವ ಯಂತ್ರ ತರುವಾಗ ಅಲ್ಲಿನ ಕೆಲಸಗಾರರ ಮಂಡಳಿಗೆ, ಅಂದರೆ ಬೆಟ್ರೀಬ್ಸ್‌ರಾಟ್‌ಗೆ, ಒಪ್ಪಿಗೆಯ ಹಕ್ಕು ಇದೆ. ಅಮೆರಿಕದಲ್ಲಿ ದಾರಿ ಕಷ್ಟದ್ದು. ಶಿಫ್ಟ್ ಮುಗಿದ ಮೇಲೆ ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಲ್ಲುವ ಹೊತ್ತಿಗೆ ಫೆಡರಲ್ ಕಾನೂನಿನಡಿ ಸಂಬಳ ಕೊಡಬೇಕಿಲ್ಲ ಅಂತ 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗೋದಾಮಿನ ಕೆಲಸಗಾರರಿಗೇ ಹೇಳಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ದೊಡ್ಡ ಗೋದಾಮುಗಳು ತಮ್ಮ ಗುರಿಯ ಲೆಕ್ಕವನ್ನು ಕೆಲಸಗಾರರಿಗೆ ಬರಹದಲ್ಲಿ ಕೊಡಬೇಕು.

ಇನ್ನು ನಮ್ಮಲ್ಲಿ ಬಹಳ ಜನ ಸಾಫ್ಟ್‌ವೇರಿನವರು. ಗೋದಾಮಿನ ಲೆಕ್ಕದ ಪರದೆಗಳನ್ನು ಬರೆಯುವವರು ಬೆಂಗಳೂರಿನಲ್ಲೂ ಇದ್ದೀರಿ, ಇಲ್ಲೂ ಇದ್ದೀರಿ. ನಿಮಗೆ ನೇರವಾಗಿ ಹೇಳ್ತೀನಿ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ಯಂತ್ರಕ್ಕೆ ಗೊತ್ತು. ಅದು ಯಂತ್ರಗಳನ್ನು ನಿರ್ವಹಿಸುವ ಪರದೆಗೂ ತಲುಪುತ್ತದೆ. ಆದರೆ ಮನುಷ್ಯನ ವೇಗ ತೋರಿಸುವ ಹಾಳೆಗೆ ಮಾತ್ರ ಅದು ಬರುವುದಿಲ್ಲ. ಒಂದೇ ಒಂದು ಕಾಲಂ ಸೇರಿಸಿ: ಯಂತ್ರ ನಿಂತ ನಿಮಿಷಗಳು. ಅದು ತಾಂತ್ರಿಕವಾಗಿ ದೊಡ್ಡ ಕೆಲಸವಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಗ್ರಾಹಕರು ಕೇಳಲಿಲ್ಲ ಅನ್ನಬೇಡಿ. ಒಂದು ಮೀಟಿಂಗಿನಲ್ಲಿ ಬಾಯಿಬಿಟ್ಟು ಕೇಳಿ ನೋಡಿ.

ಇಲ್ಲೇ ಬೆಳೆದು, ಈಗ ಬೇಸಿಗೆ ರಜೆಗೆ ಗೋದಾಮಿನ ಕೆಲಸಕ್ಕೆ ಹೋಗುತ್ತಿರುವವರೇ, ನಿಮಗೆ ನಮಗಿದ್ದ ಭಯ ಇಲ್ಲ. ವೀಸಾ ಇಲ್ಲ, ಇಂಗ್ಲಿಷಿನ ಅಳುಕಿಲ್ಲ. ನಿಮ್ಮ ಪಕ್ಕದಲ್ಲಿ ನಿಂತು "ಯೇಟ್" ಅಂತ ಮೂರನೇ ಸಲ ಹೇಳುತ್ತಿರುವ ಅಣ್ಣನಿಗೋ ಅಕ್ಕನಿಗೋ ಅದು ಇದೆ. ಅವರ ಪರವಾಗಿ ಮೊದಲು ಕೈ ಎತ್ತುವುದು ನಿಮಗೆ ಸುಲಭ.

ಇವತ್ತು ರಾತ್ರಿ ನಿಮ್ಮ ಶಿಫ್ಟ್ ಇದ್ದರೆ ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು ಜೇಬಿಗೆ ಹಾಕಿಕೊಳ್ಳಿ. ಬ್ಯಾಟರಿಯ ನಂಬರ್, ಹಾಕಿದ ಹೊತ್ತು, ಸತ್ತ ಹೊತ್ತು. ನಂಬರ್ ಇಲ್ಲದಿದ್ದರೆ ನಂಬರ್ ಹಾಕಲು ಕೇಳಿ. ಒಬ್ಬರೇ ಬರೆಯಬೇಡಿ, ಇಬ್ಬರು ಮೂವರು ಸೇರಿ ಬರೆಯಿರಿ, ಒಬ್ಬರ ಲೆಕ್ಕವನ್ನು ಸುಳ್ಳು ಅನ್ನುವುದು ಸುಲಭ. ನಾವು ಎರಡು ವಾರ ತಡ ಮಾಡಿದೆವು. ನೀವು ಮಾಡಬೇಡಿ.